ಕಡಮತ್ ದ್ವೀಪದ ಸಿಹಿನೀರು

ಸಮುದ್ರದ ನಟ್ಟನಡುವೆ ಸಿಹಿನೀರಿನ ಬಾವಿಗಳಿರುತ್ತವೆ ಎಂಬುದನ್ನು ನಾವು ಪುಸ್ತಕಗಳಲ್ಲಿ ಓದಿದ್ದೆವೇ ಹೊರತು ಆ ನೀರನ್ನು ಬಾಯಿಗಿಟ್ಟಿರಲಿಲ್ಲ. ಕಳೆದ ಚಳಿಗಾಲದಲ್ಲಿ ಬಸವೇಶ್ವರನಗರದ ಶರಣ ಕುಟುಂಬವೊಂದು ಲಕ್ಷದ್ವೀಪದ ಕಡಮತ್‌ಗೆ ಹೊರಟಾಗ ನಮ್ಮನ್ನೂ ಜೊತೆಗೆ ಕರೆಯಿತು. ಮಠದಲ್ಲಿ ಬೆಳೆದ ನಮಗೆ ರೆಸಾರ್ಟ್ ಎಂಬ ಮಾತೇ ಸಂಕೋಚ. ಅಲ್ಲಿ ಇದ್ದುದಾದರೋ ತೆಂಗಿನ ತೋಪಿನೊಳಗೆ ಕೆಲವು ಸಣ್ಣ ಕುಟೀರಗಳು. ಒಳಗೆ ಮಂಚ, ಫ್ಯಾನು, ಬಕೆಟ್ಟು. ಬಾಗಿಲು ತೆರೆದರೆ ಬಿಳಿಯ ಮರಳು, ಅದರಾಚೆ ತಿಳಿಹಸಿರು ಕಡಲು. ಅಡುಗೆಯಲ್ಲಿ ಮೀನಿಗೇ ಅಗ್ರಸ್ಥಾನ. ನಮಗಾಗಿ ಬೇರೆ ಪಾತ್ರೆಯಲ್ಲಿ ಅನ್ನ, ಬೇಳೆಸಾರು ಮಾಡಿ, ತೆಂಗಿನಕಾಯಿ ಚಟ್ನಿ ಅರೆದು ಬಡಿಸಿದರು.

ಕನ್ನಡಿಗರಿಗೆ ಈ ದ್ವೀಪ ತೀರ ಹೊರಗಿನದಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು ಟಿಪ್ಪುವಿನ ಆಳ್ವಿಕೆಯಲ್ಲಿದ್ದು, 1799ರಲ್ಲಿ ಬ್ರಿಟಿಷರ ವಶವಾಗಿ, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿಗೆ ಪ್ರತಿಯಾಗಿ ಸರ್ಕಾರ ಮಂಗಳೂರಿನಲ್ಲಿ ಅಕ್ಕಿ ಕೊಡುತ್ತಿತ್ತು.

ಮೊದಲ ದಿನ ಬೆಳಿಗ್ಗೆ ನಲ್ಲಿಯ ನೀರಿನಿಂದಲೇ ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಿದೆವು. ಕರುಣೋದಕ ಸ್ವೀಕರಿಸುವಾಗ ನಾಲಿಗೆಗೆ ಉಪ್ಪು ತಗುಲಿತು. ಕುಟೀರಗಳನ್ನು ನೋಡಿಕೊಳ್ಳುತ್ತಿದ್ದ ತರುಣನಿಗೆ ಇದನ್ನು ಹೇಳಲು, ಅವನು ನಮ್ಮನ್ನು ಊರೊಳಗಿನ ಒಬ್ಬ ಹಿರಿಯರ ಮನೆಗೆ ಕರೆದೊಯ್ದ. ಯೌವನದಲ್ಲಿ ಮಂಗಳೂರಿನ ಬಂದರಿನಲ್ಲಿ ದುಡಿದಿದ್ದ ಆ ಮುಸಲ್ಮಾನ ಹಿರಿಯರಿಗೆ ತುಸು ಕನ್ನಡ ಬರುತ್ತಿತ್ತು. ಪೂಜೆಗೆ ಎಂದೊಡನೆ ತಾವೇ ಬಿಂದಿಗೆ ಇಳಿಬಿಟ್ಟು ನಮ್ಮ ಗಿಂಡಿಯನ್ನು ತುಂಬಿಸಿದರು. ಎಳನೀರಿನಷ್ಟೇ ಹಿತವಾದ ನೀರು!

"ಸ್ವಾಮಿ, ಕೈಯಲ್ಲಿ ಸೇದಿದರೆ ಸಿಹಿ. ಮೋಟಾರು ಹಾಕಿದರೆ ಉಪ್ಪು" ಎಂದರು.

ಅದರ ಮರ್ಮ ಇಷ್ಟು. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಹಗುರ, ಕೆಳಗಿನ ಕಡಲನೀರು ಭಾರ. ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ದ್ವೀಪದ ನಡುವೆ ದಪ್ಪ, ಅಂಚುಗಳಲ್ಲಿ ತೆಳು. ಕಡಮತ್‌ನ ಅಗಲವೋ, ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿಗಿಂತ ತುಸು ಜಾಸ್ತಿ. ಯಂತ್ರ ಬಲವಾಗಿ ಎಳೆದೊಡನೆ ಕೆಳಗಿನ ಉಪ್ಪು ಮೇಲೇಳುತ್ತದೆ. ಸ್ನಾನದ, ಶೌಚದ ನೀರು ಇಂಗುವುದೂ ಅದೇ ಮರಳಿಗೆ. 2024ರ ಜನವರಿಯಲ್ಲಿ ಅಲ್ಲಿ ಸಮುದ್ರದ ನೀರನ್ನು ಸಿಹಿಮಾಡುವ ಘಟಕ ಉದ್ಘಾಟನೆಯಾಯಿತು, ದಿನಕ್ಕೆ 1.5 ಲಕ್ಷ ಲೀಟರ್ ಅದರ ಸಾಮರ್ಥ್ಯ. ಕಡಲ ಮೇಲ್ಭಾಗದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಮಾಡಿ, ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ತಂಪಾಗಿಸಿ ಇಳಿಸುತ್ತಾರೆ. ದೊಡ್ಡ ಉಪಕಾರವೇ ಸರಿ. ಆದರೆ ಅದರ ಧೈರ್ಯದ ಮೇಲೆ ದೊಡ್ಡ ದೊಡ್ಡ ವಸತಿಗೃಹಗಳು ಎದ್ದರೆ ಆ ಹಿರಿಯರ ಬಾವಿ ಉಳಿದೀತೆ ಎಂಬ ಅಳುಕು ನಮಗೆ ಬಂದವರಿಂದಲೇ, ಅಂದರೆ ನಮ್ಮಂಥವರಿಂದಲೇ.

ನಮ್ಮ ಜೊತೆಯ ಮಕ್ಕಳು ಕಡಲಲ್ಲಿ ಮಿಂದು ಬಂದು ದಿನಕ್ಕೆ ಮೂರು ಬಾರಿ ಸಿಹಿನೀರಿನ ಸ್ನಾನ ಮಾಡುತ್ತಿದ್ದರು. ಬಾವಿಯ ಸಂಗತಿ ಕೇಳಿದ ಆ ಮನೆಯ ತಾಯಿ, "ಗುರುಗಳೇ, 2024ರ ಬೇಸಿಗೆಯಲ್ಲಿ ನಮ್ಮ ಬೋರು ಬತ್ತಿದಾಗ ಟ್ಯಾಂಕರಿಗೆ ಕಾದು ಕುಳಿತವರು ನಾವು. ಇಲ್ಲಿ ಬಂದು ಹೀಗೆ ಸುರಿಯುವುದೇ?" ಎಂದು ಅಂದೇ ತಲೆಗೊಂದು ಬಕೆಟ್ಟು ಎಂದು ಗೊತ್ತುಮಾಡಿದರು. ಮಕ್ಕಳು ಗೊಣಗಿದವು, ಮರುದಿನಕ್ಕೆ ಒಗ್ಗಿದವು. ನಾವು ಮಠದಲ್ಲಿ ಓದುವಾಗ ನಮ್ಮ ಪಾಲಿಗೂ ಅಷ್ಟೇ ಇತ್ತು, ಅದನ್ನೂ ನಾವೇ ಸೇದಿಕೊಳ್ಳಬೇಕಿತ್ತು.

ನಮ್ಮ ಪಶ್ಚಿಮ ಬೆಂಗಳೂರಿಗೆ ಹಿಂದೆ ಅರ್ಕಾವತಿಯ ನೀರು ತಿಪ್ಪಗೊಂಡನಹಳ್ಳಿಯಿಂದ ಬರುತ್ತಿತ್ತು. ಆ ಜಲಾಶಯ 1933ರದು. ಈಗ ಕಾವೇರಿಯೇ ಗತಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತರುವ ನೀರದು. ರಾಜಾಜಿನಗರದ ಮನೆಗಳ ಮುಂದೆ ಬೆಳಿಗ್ಗೆ ಕಾರು ತೊಳೆಯುವ ಪೈಪುಗಳನ್ನು ಕಂಡಾಗ ಕಡಮತ್‌ನ ಬಿಂದಿಗೆ ನೆನಪಾಗುತ್ತದೆ.

ಅಲ್ಲಿಗೆ ಹೋಗಬಯಸುವ ಶರಣ ಬಂಧುಗಳು ಮುಂಚಿತವಾಗಿ ಪ್ರವೇಶದ ಪರವಾನಗಿ ಪಡೆಯಬೇಕು. ಹಡಗು ಕೊಚ್ಚಿಯಿಂದ; ಮಳೆಗಾಲ ಬೇಡ. ವಿಭೂತಿ, ಪೂಜಾವಸ್ತ್ರಗಳೊಂದಿಗೆ ಒಂದು ಗಿಂಡಿಯನ್ನೂ ಒಯ್ಯಿರಿ. ಮಜ್ಜನಕ್ಕೆ ಬಾವಿಯ ನೀರು ಬೇಕೆಂದು ಅಲ್ಲಿಯವರನ್ನು ಕೇಳಿದರೆ ಅವರು ಸಂತೋಷದಿಂದ ಸೇದಿಕೊಡುತ್ತಾರೆ.