ನಮ್ಮೂರಿಗೇ ಟೂರು

ಗೂಗಲ್ ಫಾರ್ಮಿನ ಕೊನೆಯ ಪ್ರಶ್ನೆ ಹೀಗಿತ್ತು: ‘ಈ ಪ್ರದೇಶಕ್ಕೆ ಮೊದಲು ಬಂದಿದ್ದೀರಾ?’ ಹೌದು, ಇಲ್ಲ ಅಂತ ಎರಡೇ ಆಯ್ಕೆ. ‘ಹುಟ್ಟಿದ್ದೇ ಅಲ್ಲಿ’ ಅನ್ನುವುದಕ್ಕೆ ಜಾಗ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ‘ಇಲ್ಲ’ ಒತ್ತಿದೆ. 1,800 ರೂಪಾಯಿ ಯುಪಿಐ ಮಾಡಿದೆ. ಕುಮಟಾ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ, ಏಪ್ರಿಲ್ ಮೊದಲ ವಾರದ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಹಕ್ಕಿ ನೋಡುವ ಕಾರ್ಯಕ್ರಮ. ನಮ್ಮನೆಯಿಂದ ಆ ದಂಡೆಗೆ ನಡೆದರೆ ಹದಿನೈದು ನಿಮಿಷ.

ಹಕ್ಕಿ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಲ್ಲಿ. ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಸೇರ್ತಾರೆ. ಆಫೀಸಿನ ಗೆಳತಿಯೊಬ್ಬಳು ಎಳೆದುಕೊಂಡು ಹೋದಳು, ಮೂರನೇ ಸಲ ಹೋಗುವಷ್ಟರಲ್ಲಿ ಬೈನಾಕ್ಯುಲರ್ ಕೊಂಡಿದ್ದೆ. ಸ್ಟ್ಯಾಂಡಪ್ ಮೀಟಿಂಗ್ ನಡೆಯುವಾಗ ಕಿಟಕಿಯಾಚೆ ಹದ್ದು ಸುತ್ತುವುದನ್ನು ನೋಡಿಕೊಂಡು ಕೂರುವ ಮಟ್ಟಕ್ಕೆ ಬಂದೆ. ಆದರೆ ಹದಿನೇಳು ವರ್ಷ ಬೆಳೆದ ಊರಲ್ಲಿ ಯಾವ ಹಕ್ಕಿ ಇತ್ತು ಅಂತ ಕೇಳಿದರೆ ಕಾಗೆ, ಬೆಳ್ಳಕ್ಕಿ, ಗರುಡ. ಅಲ್ಲಿಗೆ ನನ್ನ ಪಟ್ಟಿ ಮುಗೀತಿತ್ತು.

ಊರಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅಪ್ಪನಿಗೆ ನನ್ನ ಸಹಿ ಬೇಕಿತ್ತು. ಅಜ್ಜ ತೀರಿಕೊಂಡ ಮೇಲೆ ಗಜನಿಯ ಪಹಣಿಯಲ್ಲಿ ಅಪ್ಪನ ಜೊತೆ ನನ್ನ ಹೆಸರೂ ಸೇರಿತ್ತು. ಈಗ ಅದನ್ನು ಸಿಗಡಿ ಸಾಕುವವರಿಗೆ ಲೀಸಿಗೆ ಕೊಡುವ ಮಾತು. ‘ಶನಿವಾರ ಬಂದು ಒಂದು ಸಹಿ ಹಾಕಿ ಹೋಗು’ ಅಂದಿದ್ದ. ಸರಿ, ಎರಡೂ ಕೆಲಸ ಒಂದೇ ಟಿಕೆಟ್ಟಿನಲ್ಲಿ ಆಗ್ತದೆ ಅಂತ ಪಂಚಗಂಗಾ ಎಕ್ಸ್‌ಪ್ರೆಸ್ ಬುಕ್ ಮಾಡಿದೆ.

ದುಡ್ಡು ಕೊಟ್ಟಿದ್ದು ಆಯಿಯ ಹತ್ತಿರ ಬಾಯಿಬಿಟ್ಟಿದ್ದೇ ತಪ್ಪಾಯ್ತು. ಶನಿವಾರ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ: “ಸಾವಿರದ ಎಂಟುನೂರು? ಎಂತಕೆ? ನಂಗೆ ಹೇಳಿದ್ರೆ ನಾನೇ ತೋರಿಸ್ತಿದ್ನಲ್ಲ.”

“ನಿಂಗೆ ಹೆಸರು ಗೊತ್ತಿದ್ಯಾ?”

“ಹೆಸರೆಂತದು. ಗಜನಿ ಹಕ್ಕಿ.”

ಮರುದಿನ ಬೆಳಿಗ್ಗೆ ಏಳಕ್ಕೆ ದಂಡೆಯ ಮೇಲೆ ಹನ್ನೊಂದು ಜನ ಇದ್ದೆವು. ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ, ಒಬ್ಬರು ನಿವೃತ್ತ ಬ್ಯಾಂಕ್ ಮೇಡಂ, ತೋಳುದ್ದದ ಲೆನ್ಸ್ ಹಿಡಿದ ಇಬ್ಬರು, ಉಳಿದವರೆಲ್ಲ ನನ್ನ ಹಾಗೆ ಬೆಂಗಳೂರಿನ ಐಟಿ ಮಂದಿ. ಟೋಪಿ, ಸನ್‌ಸ್ಕ್ರೀನ್, ಮೊಣಕಾಲವರೆಗಿನ ಬೂಟು. ಬಳಚು ಆರಿಸಲು ಬುಟ್ಟಿ ಹಿಡಿದು ಹೊಳೆಗಿಳಿಯುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಅವರಲ್ಲಿ ಒಬ್ಬರು ನಮ್ಮ ಕೇರಿಯವರು. ನಾನು ಟೋಪಿ ಕೆಳಗೆಳೆದುಕೊಂಡೆ.

ಗೈಡ್ ಮೂವತ್ತರ ಆಸುಪಾಸಿನವರು, ಮೀನುಗಾರರ ಮನೆಯವರು. ಹೆಗಲ ಮೇಲೆ ಟ್ರೈಪಾಡ್ ಸಮೇತ ಸ್ಪಾಟಿಂಗ್ ಸ್ಕೋಪು, ಜೇಬಲ್ಲಿ ಸಣ್ಣ ನೋಟ್‌ಬುಕ್ಕು. ಅದರಲ್ಲಿ ತಾರೀಖಿನ ಬದಲು ತಿಥಿ ಬರೆದುಕೊಂಡಿದ್ದರು. “ನಮ್ಮ ಟೈಮ್‌ಟೇಬಲ್ ಚಂದ್ರಂದು” ಅಂದರು. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಭರತ ಜೋರು, ಇಳಿತವೂ ಜೋರು. ಅಷ್ಟಮಿ ಹತ್ತಿರ ಎರಡೂ ಸಪ್ಪೆ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ, ಪ್ರತಿ ದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಬೆಳಗಿನ ಜಾವ ಇಳಿದ ನೀರು ಈಗ ಏರಲು ಶುರು, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಭರತ. ಏರುವ ನೀರು ಹಕ್ಕಿಗಳನ್ನು ತಾನಾಗಿ ನಮ್ಮ ಕಡೆ ತಳ್ಳಿಕೊಂಡು ಬರುತ್ತದೆ, ನಾವು ಸುಮ್ಮನೆ ಕೂತರೆ ಸಾಕು. ಇಳಿತದ ಹೊತ್ತಿಗೆ ಬಂದು ಕೆಸರಲ್ಲಿ ಹಕ್ಕಿಗಳ ಹಿಂದೆ ಓಡುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ.

‘ಸ್ಪ್ರಿಂಗ್ ಮೈಗ್ರೇಶನ್’ ಅಂತ ಪೋಸ್ಟರಿನಲ್ಲಿ ಹಾಕಿದ್ದರು. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ವಸಂತ ಅಂದರೆ ಏನು ಅಂತ ಗೊತ್ತಿರುವವರಿಗೆ ಗೊತ್ತು. ಎಂಟು ಗಂಟೆಗೇ ಅಂಗಿ ಬೆನ್ನಿಗೆ ಅಂಟಿರುತ್ತದೆ. ಯುರೋಪು, ಅಮೆರಿಕದ ಹಕ್ಕಿ ನೋಡುವವರಿಗೆ ವಸಂತ ಅಂದರೆ ಹಕ್ಕಿ ಬರುವ ಕಾಲ. ನಮಗೆ ಹೋಗುವ ಕಾಲ. ಮಳೆಗಾಲ ಮುಗಿಯುವ ಹೊತ್ತಿಗೆ ಬಂದು, ಚಳಿಗಾಲವೆಲ್ಲ ಇಲ್ಲಿ ಮೇಯ್ದು, ಈಗ ಹೊರಡುತ್ತಿವೆ. ಅಲ್ಲಿಯವರು ಸ್ವಾಗತಕ್ಕೆ ನಿಂತರೆ ನಾವು ರೈಲ್ವೇ ಸ್ಟೇಷನ್ನಿಗೆ ಬಿಡಲು ಹೋದವರ ಹಾಗೆ.

ಮೊದಲ ಅರ್ಧ ಗಂಟೆ ನನಗೆ ಏನೂ ಕಾಣಲಿಲ್ಲ. ದೂರದ ಕೆಸರಿನ ಮೇಲೆ ಕೆಸರಿನ ಬಣ್ಣದ ಚುಕ್ಕಿಗಳು. ಆಮೇಲೆ ಗೈಡ್ ಸ್ಕೋಪನ್ನು ಒಂದು ಚುಕ್ಕಿಗೆ ಹೊಂದಿಸಿ ಕರೆದರು. ಕಣ್ಣಿಟ್ಟರೆ ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಕ್ಕಿ. ಎದೆಗೆ ಅಡ್ಡವಾಗಿ ಹಂಚಿನ ಬಣ್ಣದ ಪಟ್ಟಿ, ಕಣ್ಣಿಗೆ ಕಪ್ಪು ಮುಖವಾಡ. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಏನೋ ಹೆಕ್ಕುತ್ತದೆ, ಮತ್ತೆ ಓಡುತ್ತದೆ. ಸ್ಯಾಂಡ್ ಪ್ಲವರ್. “ಡಿಸೆಂಬರ್‌ನಲ್ಲಿ ನೋಡಿದ್ರೆ ಬರೀ ಬೂದು” ಅಂದರು. “ಈಗ ಮದುವೆ ಬಟ್ಟೆ ಹಾಕ್ತಾ ಇದೆ.” ಪಕ್ಕದಲ್ಲಿದ್ದದ್ದಕ್ಕೆ ಬಣ್ಣ ಅರ್ಧ ಮಾತ್ರ ಬಂದಿತ್ತು, ಪೇಂಟರ್ ನಡುವೆ ಊಟಕ್ಕೆ ಎದ್ದುಹೋದ ಹಾಗೆ. ಈ ಹಕ್ಕಿಗಳು ಗೂಡು ಕಟ್ಟುವುದು ಟಿಬೆಟ್ಟಿನ ಪ್ರಸ್ಥಭೂಮಿಯಲ್ಲಿ. ನಮ್ಮ ಸಮುದ್ರಮಟ್ಟದ ಕೆಸರಲ್ಲಿ ಹುಳ ಹೆಕ್ಕುತ್ತಿರುವ ಇದು ಇನ್ನು ಕೆಲವೇ ವಾರಗಳಲ್ಲಿ ಹಿಮಾಲಯದಾಚೆ ಇರುತ್ತದೆ.

ಕರ್ಲ್ಯೂ ಸ್ಯಾಂಡ್‌ಪೈಪರ್ ಇನ್ನೂ ದೂರ, ಸೈಬೀರಿಯಾದ ಉತ್ತರ ತುದಿಗೆ. ಅದರ ಹೊಟ್ಟೆಯ ಮೇಲೂ ಅಲ್ಲಲ್ಲಿ ಇಟ್ಟಿಗೆ ಕೆಂಪು ಮೂಡಿತ್ತು. ಹೊರಡುವ ಮುಂಚೆ ಇವೆಲ್ಲ ತಿಂದು ತಿಂದು ಕೊಬ್ಬು ಕಟ್ಟುತ್ತವೆ. ಕೆಲವು ಜಾತಿಗಳಂತೂ ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳುತ್ತವೆ. ಹುಬ್ಬಳ್ಳಿಯ ಹುಡುಗನಿಗೆ ಇದು ಬಹಳ ಹಿಡಿಸಿತು. “ದಾರೀಲಿ ಊಟ ಇಲ್ಲೇನ್ರಿ?” ಅಂದ. ಆಗ ಗೈಡ್ ಗಾಡ್‌ವಿಟ್ ಕತೆ ಹೇಳಿದರು: 2022ರಲ್ಲಿ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಹೊರಟು, ಎಲ್ಲೂ ಇಳಿಯದೆ 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ಮುಟ್ಟಿತ್ತು. ಬೆನ್ನ ಮೇಲೆ ಪುಟ್ಟ ಟ್ರಾನ್ಸ್‌ಮಿಟರ್ ಇದ್ದಿದ್ದರಿಂದ ಲೆಕ್ಕ ಸಿಕ್ಕಿತು. ಹುಡುಗ ತನ್ನ ಬಿಸ್ಕತ್ ಪ್ಯಾಕನ್ನು ಒಮ್ಮೆ ನೋಡಿಕೊಂಡ.

ಹತ್ತು ಗಂಟೆ ದಾಟುವಾಗ ಕೆಸರಿನ ಅಂಚು ಕಾಣುವಂತೆಯೇ ಕಿರಿದಾಗತೊಡಗಿತ್ತು. ಬಳಚಿನ ಹೆಂಗಸರು ಸೊಂಟದ ನೀರಿನಿಂದ ವಾಪಸ್ ಹೊರಟರು. ಹಕ್ಕಿಗಳು ಒತ್ತೊತ್ತಾಗಿ, ನಮಗೆ ಐವತ್ತು ಅಡಿ ಹತ್ತಿರಕ್ಕೆ ಬಂದವು. ಸ್ಕೋಪೇ ಬೇಡ. ಕೊಕ್ಕು ಕೆಳಗೆ ಬಾಗಿದ ವಿಂಬ್ರೆಲ್, ತಲೆಗೆ ಕಂದು ಟೋಪಿ ಬಂದ ಗಲ್‌ಗಳು, ನೂರಾರು ಪ್ಲವರ್‌ಗಳು. ಆಮೇಲೆ ಒಂದು ಕ್ಷಣ, ಯಾರೋ ಹೇಳಿದ ಹಾಗೆ, ಇಡೀ ಗುಂಪು ಎದ್ದಿತು. ಬೆನ್ನು ತೋರಿಸಿದಾಗ ಕಂದು, ಹೊಟ್ಟೆ ತೋರಿಸಿದಾಗ ಬೆಳ್ಳಿ. ನಮ್ಮ ತಲೆಯ ಮೇಲಿಂದ ಊರ ಕಡೆ ಹೋಯಿತು.

“ಈಗ ಎಲ್ಲಿಗೆ ಹೋದ್ವು?” ಬ್ಯಾಂಕ್ ಮೇಡಂ ಕೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ. ನೀರು ಇಳಿದಾಗ ತಿನ್ನುತ್ತವೆ, ಸರಿ. ನೀರು ಏರಿದಾಗ?

“ಬನ್ನಿ, ತೋರಿಸ್ತೇನೆ” ಅಂದರು ಗೈಡ್. ಖಾರ್‌ಲ್ಯಾಂಡ್ ಕಟ್ಟೆಯ ಮೇಲೆ ಸಾಲಾಗಿ ನಡೆದೆವು. ಎಡಕ್ಕೆ ತುಂಬಿ ನಿಂತ ಹೊಳೆ. ಬಲಕ್ಕೆ ಕಟ್ಟೆಯ ಒಳಗೆ ಗಜನಿ, ಕಗ್ಗದ ಕೂಳೆ ಇನ್ನೂ ನಿಂತಿತ್ತು, ಪಾದ ಮುಳುಗುವಷ್ಟು ನೀರು. ಅದರ ತುಂಬ ಹಕ್ಕಿ. ಒಂದೇ ಕಾಲ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ, ಎಲ್ಲವೂ ಗಾಳಿಗೆ ಮುಖ ಮಾಡಿ ಮಲಗಿದ್ದವು.

ಕಟ್ಟೆಯ ತಿರುವಿನಲ್ಲಿ ಹಳೇ ತೂಬು. ಪಕ್ಕದಲ್ಲಿ ವಾಲಿದ ತೆಂಗಿನ ಮರ. ಆ ಮರದ ಬುಡದಲ್ಲಿ ಕೂತು ನಾನು ಎಸ್‌ಎಸ್‌ಎಲ್‌ಸಿಗೆ ಓದಿದ್ದು. ಅದು ನಮ್ಮ ಗಜನಿ.

ಗಜನಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಉಪ್ಪುನೀರಿನ ಹೊಳೆಯ ಪಕ್ಕದ ತಗ್ಗು ಭೂಮಿಗೆ ಕಟ್ಟೆ ಹಾಕಿ, ಹಲವು ಮನೆಯವರು ಸೇರಿ ಮಾಡುವ ಬೇಸಾಯ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ಉಪ್ಪು ತಡೆಯುವ, ನೆರೆಯಲ್ಲಿ ಕೆಲ ದಿನ ಮುಳುಗಿದರೂ ಸಾಯದ ಭತ್ತ ಅದು. ಗೊಬ್ಬರ, ಔಷಧಿ ಏನೂ ಇಲ್ಲ. ಕೊಯ್ಲಾದ ಮೇಲೆ ತೂಬು ತೆಗೆದು ಹೊಳೆಯ ನೀರು ಬಿಟ್ಟರೆ ಅದರ ಜೊತೆ ಮೀನು, ಸಿಗಡಿ ಒಳಗೆ ಬಂದು ಕೂಳೆಯ ನಡುವೆ ಬೆಳೆಯುತ್ತವೆ. ನಮ್ಮ ಅಜ್ಜ ಬಿತ್ತುವಾಗಲೇ ಹಕ್ಕಿಗೆ ಅಂತ ಎರಡು ಮುಷ್ಟಿ ಜಾಸ್ತಿ ಎಸೆಯುತ್ತಿದ್ದ. ಅದು ದಾನವೇನಲ್ಲ, ಅವು ಹೇಗೂ ತಿನ್ನುತ್ತವೆ ಅನ್ನುವ ಲೆಕ್ಕ.

ಈ ಅಳಿವೆಗೆ ಬಂದ ಯೋಜನೆಗಳು ಒಂದೆರಡಲ್ಲ. ತದಡಿಗೆ ಒಮ್ಮೆ ಉಷ್ಣ ವಿದ್ಯುತ್ ಸ್ಥಾವರ ಅಂದರು, ಒಮ್ಮೆ ದೊಡ್ಡ ಬಂದರು ಅಂದರು. ಜನ ಜಗಳಾಡಿದರು. 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಸುದ್ದಿಯನ್ನು ನಾನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ‘ನಮ್ಮೂರು’ ಅಂತ ಹೃದಯದ ಇಮೋಜಿ ಒತ್ತಿದ್ದೆ. ಈಗ ಆ ಇಮೋಜಿ ನೆನಪಾಗಿ ಕಿವಿ ಬಿಸಿಯಾಯಿತು.

ಯಾಕೆಂದರೆ ಗೈಡ್ ಹೇಳುತ್ತಿದ್ದರು: “ಇವುಗಳ ಕಾಲು ನೋಡಿ, ನಿಮ್ಮ ಕಿರುಬೆರಳಿಗಿಂತ ಗಿಡ್ಡ. ನಿಲ್ಲೋದಕ್ಕೆ ತೆಳು ನೀರೇ ಬೇಕು. ಸಿಗಡಿ ಹೊಂಡ ಆಳ ತೋಡ್ತಾರೆ, ಮೇಲೆ ಹಕ್ಕಿ ಬರದ ಹಾಗೆ ದಾರ ಕಟ್ತಾರೆ. ಆಗ ಭರತದ ಹೊತ್ತಿಗೆ ಕೂರೋಕೆ ಜಾಗ ಹುಡುಕ್ತಾ ಸುತ್ತಬೇಕು. ಸುತ್ತಿದಷ್ಟೂ ಕಟ್ಟಿಕೊಂಡ ಕೊಬ್ಬು ಕರಗ್ತದೆ. ಟಿಬೆಟ್ಟಿಗೆ ಅಂತ ಇಟ್ಟದ್ದು ಇಲ್ಲೇ ಖರ್ಚು.” ದನಿಯಲ್ಲಿ ಸಿಟ್ಟಿರಲಿಲ್ಲ. ಅವರ ಅಣ್ಣನೂ ಸಿಗಡಿ ಹೊಂಡದಲ್ಲಿ ಕೆಲಸಕ್ಕೆ ಹೋಗುತ್ತಾನಂತೆ.

ಎಲ್ಲರೂ ಫೋಟೊದಲ್ಲಿ ಮುಳುಗಿದ್ದಾಗ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: “ಅಪ್ಪ ಆರಾಮಿದಾರಾ?”

ಬೆಳಿಗ್ಗೆಯಿಂದ ಗೊತ್ತಿತ್ತು ಅವರಿಗೆ. ನನ್ನ ಫಾರ್ಮಿನ ‘ಇಲ್ಲ’ವನ್ನೂ ಓದಿಯೇ ಇರುತ್ತಾರೆ.

ಮನೆಗೆ ಬಂದು ಊಟ ಮಾಡಿದೆ. ಟೀಪಾಯಿ ಮೇಲೆ ಕಾಗದ ತಯಾರಿತ್ತು, ನಾನು ಸಹಿ ಹಾಕಬೇಕಾದ ಕಡೆಯೆಲ್ಲ ಪೆನ್ಸಿಲ್ಲಿನ ಗುರುತು. ನಾನು ಹಕ್ಕಿ ಕತೆ ಶುರು ಮಾಡಿದೆ. ಅಪ್ಪ ಪೂರ್ತಿ ಕೇಳಿದ. ಆಮೇಲೆ ತನ್ನ ಲೆಕ್ಕ ಹೇಳಿದ. ಕಟ್ಟೆ ಒಡೆದರೆ ರಿಪೇರಿಗೆ ಆಳಿಲ್ಲ. ಕಗ್ಗ ಕೊಯ್ಯಲು ನೀರಲ್ಲಿ ನಿಲ್ಲುವವರು ಯಾರೂ ಸಿಗುವುದಿಲ್ಲ. ಕಳೆದ ವರ್ಷ ಬಿತ್ತಿದವರು ಗಜನಿಯಲ್ಲಿ ಐದೇ ಮನೆ. ಮೂವತ್ತೊಂದು ಮನೆಗಳಲ್ಲಿ ಇಪ್ಪತ್ತೆರಡು ಮನೆಯವರ ಸಹಿ ಆಗಿದೆ. ಒಂದೂವರೆ ಎಕರೆಯ ನಮ್ಮ ಪಾಲಿಗೆ ವರ್ಷಕ್ಕೆ ಅರವತ್ತು ಸಾವಿರ. ಪರವಾನಗಿ ಎಲ್ಲ ಅವರೇ ನೋಡಿಕೊಳ್ಳುತ್ತಾರಂತೆ. (ಈ ‘ಅಂತೆ’ ಬಗ್ಗೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.)

ಅರವತ್ತು ಸಾವಿರ ಅಂದರೆ ನನ್ನ ಬೆಂಗಳೂರು ಫ್ಲ್ಯಾಟಿನ ಎರಡು ತಿಂಗಳ ಬಾಡಿಗೆ. ಬಾಯಿ ತಪ್ಪಿ ಅಂದೆ: “ಅಷ್ಟು ನಾನೇ ಕೊಡ್ತೇನೆ ಅಪ್ಪ, ಪ್ರತಿ ವರ್ಷ.”

ಅಪ್ಪನ ಮುಖ ನೋಡಿ ಹಾಗೆ ಹೇಳಬಾರದಿತ್ತು ಅನ್ನಿಸಿತು. “ನಿನ್ನ ದುಡ್ಡು ಬೇರೆ, ಗದ್ದೆ ದುಡ್ಡು ಬೇರೆ” ಅಂದ. “ಹಕ್ಕಿಗೆ ಗದ್ದೆ ಬಿಡು ಅಂತ ನೀ ಹೇಳ್ತೆ. ಬಿತ್ತೂಕೆ ನೀ ಬರ್ತೀಯಾ?”

ನನ್ನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆಯಿ ಕಾಗದದ ಮೇಲಿಂದ ಪೆನ್ನು ತೆಗೆದು ದೇವರ ಕೋಣೆಯ ಗೂಡಿನಲ್ಲಿಟ್ಟಳು, ಜಗಳ ಮುಗಿಸುವ ಅವಳ ರೀತಿ ಅದು.

ಸಂಜೆ ನಾಲ್ಕಕ್ಕೆ ಅಪ್ಪ ತಾನಾಗಿ “ನಡಿ, ತೋರಿಸು” ಅಂದ. ಕಟ್ಟೆಯ ಮೇಲೆ ಹೋದೆವು. ನೀರು ಇಳಿಯುತ್ತಿತ್ತು, ಹೆಚ್ಚಿನವು ಕೆಸರಿಗೆ ವಾಪಸ್ ಹೋಗಿದ್ದವು. ಗಜನಿಯ ಮೂಲೆಯಲ್ಲಿ ಇಪ್ಪತ್ತೋ ಮೂವತ್ತೋ ಇನ್ನೂ ಮಲಗಿದ್ದವು. ಬೈನಾಕ್ಯುಲರ್ ಹಿಡಿಯಲು ಅಪ್ಪನಿಗೆ ಬರಲಿಲ್ಲ, ಕನ್ನಡಕ ಅಡ್ಡ ಬಂತು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಗಾಲಿ ತಿರುಗಿಸುತ್ತ ಹೋದ. ತಿರುಗಿಸುವ ಬೆರಳು ನಿಂತಿತು. ಬಹಳ ಹೊತ್ತು ಮಾತಿಲ್ಲ.

“ಎದೆ ಕೆಂಪು” ಅಂದ ಕೊನೆಗೆ. “ಅರವತ್ತೆರಡು ವರ್ಷ ಆಯ್ತು ನಂಗೆ. ಇದು ಕಾಣ್ಲೇ ಇಲ್ಲ ನೋಡು.”

ಆ ರಾತ್ರಿ ರೈಲಿಗೆ ಕೂತಾಗ ಕಾಗದ ಸಹಿಯಿಲ್ಲದೆ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. ‘ಓದಿ ನೋಡು, ನಿಂಗೆ ಇಂಗ್ಲಿಷ್ ಬರ್ತದೆ’ ಅಂತ ಅಪ್ಪನೇ ಇಟ್ಟಿದ್ದ. ಗೈಡ್ ಕಳಿಸಿದ ಪಟ್ಟಿ ವಾಟ್ಸಾಪಿನಲ್ಲಿ ಬಂದಿತ್ತು: 47 ಜಾತಿ. ಕೊನೆಯ ಜಾಗದ ಹೆಸರಿನ ಕಡೆ ಅಜ್ಜನ ಹೆಸರು ಬರೆದು, ಮುಂದೆ ‘ಗಜನಿ’ ಅಂತ ಸೇರಿಸಿದ್ದರು.

ಮೇ ಎರಡನೇ ವಾರ ಅಪ್ಪ ಫೋನ್ ಮಾಡಿದ. ಮಾವಿನಹಣ್ಣು, ಆಯಿಯ ಮಂಡಿನೋವು, ಕರೆಂಟು ಎಲ್ಲ ಆದ ಮೇಲೆ, “ನಿನ್ನ ಹಕ್ಕಿ ಹೋದ್ವು ಮಾರಾಯ್ತಿ. ನಿನ್ನೆಯಿಂದ ಒಂದೂ ಇಲ್ಲ” ಅಂದ.

“ಸಿಗಡಿಯವರು?”

“ಚೌತಿ ಕಳೆದ ಮೇಲೆ ಬರ್ತಾರಂತೆ.”

ಸ್ಯಾಂಡ್ ಪ್ಲವರ್‌ಗಳು ವಾಪಸ್ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.