ಬರೋ ಮೇಲು, ಹೋಗದ ಮೇಲು

ಮೇಲ್ ಸಾಫ್ಟ್‌ವೇರ್ ತನ್ನ ಕಷ್ಟ ಹೇಳ್ಕೊಳ್ಳೋದರಲ್ಲಿ ಮಹಾ ಜಿಪುಣ. ನಮ್ಮ ಸಂಘದ ಲ್ಯಾಪ್‌ಟಾಪಿನಲ್ಲಿರೋ ಥಂಡರ್‌ಬರ್ಡ್ ಎರಡು ದಿನ ಹೇಳಿದ್ದು ಇಷ್ಟೇ: ಸರ್ವರ್ ಸಿಗ್ತಿಲ್ಲ. ಆದರೆ ಮೇಲ್ ಬರ್ತಾನೇ ಇತ್ತು, ಹೋಗ್ತಿರಲಿಲ್ಲ ಅಷ್ಟೆ. ಕಥೆ, ಕವನ ಕಳಿಸಿದವರಿಗೆ ಬರೆದ ಉತ್ತರಗಳೆಲ್ಲ ಔಟ್‌ಬಾಕ್ಸಿನಲ್ಲೇ ಕೂತಿದ್ದವು. ವೈಫೈ ಸರಿ ಇಲ್ಲ ಅಂದ್ರು ಒಬ್ರು, ಪಾಸ್‌ವರ್ಡ್ ಬದಲಾಗಿದೆ ಅಂದ್ರು ಇನ್ನೊಬ್ರು. ರೀಇನ್‌ಸ್ಟಾಲ್ ಅನ್ನೋದಂತೂ ನಮ್ಮ ಬ್ರಾಂಚಿನ ರಾಮಬಾಣ.

ಊಹೆ ಸಾಕು, ನೋಡೇಬಿಡೋಣ ಅಂತ ವೈರ್‌ಶಾರ್ಕ್ ಹಾಕಿದೆವು. 1998ರಲ್ಲಿ ಈಥೀರಿಯಲ್ ಅನ್ನೋ ಹೆಸರಲ್ಲಿ ಬಂದು, 2006ರಲ್ಲಿ ಹೆಸರು ಬದಲಿಸಿಕೊಂಡ ಉಚಿತ ಸಾಫ್ಟ್‌ವೇರ್ ಇದು. ಮಷಿನ್ನಿಗೆ ಬಂದು ಹೋಗೋ ಪ್ರತಿ ಪ್ಯಾಕೆಟ್ಟನ್ನೂ ಒಂದೊಂದು ಸಾಲಾಗಿ ತೋರಿಸುತ್ತೆ. ಬೇರೆಯವರದನ್ನು ಹಿಡಿಯೋದು ಸರಿಯಲ್ಲ, ಹಾಗಾಗಿ ನಮ್ಮ ಮಷಿನ್ ಮಾತ್ರ. ಆದ್ರೂ ಒಂದೇ ನಿಮಿಷಕ್ಕೆ ಸಂತೆ ಗದ್ದಲ. 25ನೇ ಪೋರ್ಟಿಗೆ ಫಿಲ್ಟರ್ ಹಾಕಿದ ಮೇಲೆ ಉಳಿದದ್ದು ನಾಲ್ಕೈದು ಸಾಲು.

ಟಿಸಿಪಿಯಲ್ಲಿ ಮಾತು ಶುರುವಾಗೋದು ಮೂರು ಹೆಜ್ಜೆಯಲ್ಲಿ: ಸಿನ್, ಸಿನ್-ಆಕ್, ಆಕ್. ನಮ್ಮಲ್ಲಿ ಇದ್ದದ್ದು ಮೊದಲನೆಯದು ಮಾತ್ರ. ಒಂದು ಸೆಕೆಂಡ್ ಬಿಟ್ಟು ಮತ್ತೆ, ಎರಡು ಬಿಟ್ಟು ಮತ್ತೆ, ನಾಲ್ಕು ಬಿಟ್ಟು ಮತ್ತೆ. ಬೀಗ ಹಾಕಿದ ಮನೆ ಬಾಗಿಲು ತಟ್ಟಿದ ಹಾಗೆ. ಪಾಸ್‌ವರ್ಡ್ ತಪ್ಪಿದ್ರೆ ಸರ್ವರ್ 535 ಅಂತ ಬೈದಿರೋದು. ಇಲ್ಲಿ ಬೈಯೋಕೂ ಯಾರೂ ಇಲ್ಲ. ಸ್ಪ್ಯಾಮ್ ತಡೆಯೋಕೆ ಎಷ್ಟೋ ನೆಟ್‌ವರ್ಕ್‌ಗಳು 25ನ್ನು ಹೊರಗೆ ಬಿಡೋದಿಲ್ಲ. ಅದು ಸರ್ವರ್-ಸರ್ವರ್ ನಡುವಿನ ದಾರಿ, ನಮ್ಮಂಥವರಿಗೆ ಇರೋದು 587. ಬದಲಿಸಿದ ತಕ್ಷಣ 220 ಅಂತ ಸ್ವಾಗತ ಬಂತು, ಸ್ಟಾರ್ಟ್‌ಟಿಎಲ್‌ಎಸ್ ಆಯ್ತು, ಆಮೇಲೆ ಏನೂ ಓದೋಕಾಗದ ಕಲಸುಮೇಲೋಗರ. ಹಾಗೇ ಇರಬೇಕು ಕೂಡ.

ಮುಗೀತು ಅಂತ ಫಿಲ್ಟರ್ ತೆಗೆದಾಗ 143ನೇ ಪೋರ್ಟ್ ಕಣ್ಣಿಗೆ ಬಿತ್ತು. ಮೇಲ್ ಬರೋ ದಾರಿ. ಯಾವುದೋ ಹಳೇ ಬ್ಯಾಚಿನ ಸೆಟ್ಟಿಂಗ್, ಎನ್‌ಕ್ರಿಪ್ಷನ್ ಇಲ್ಲ. ಲಾಗಿನ್ ಅನ್ನೋ ಪದ, ಪಕ್ಕದಲ್ಲಿ ಸಂಘದ ಐಡಿ, ಅದರ ಪಕ್ಕದಲ್ಲಿ ಪಾಸ್‌ವರ್ಡ್, ಬೋರ್ಡ್ ಮೇಲೆ ಬರೆದಿಟ್ಟಂತೆ. ಕೆಳಗೆ ಬೇಸ್64 ಅಕ್ಷರಗಳ ರಾಶಿ, ಅದರಲ್ಲಿ 4ಎಲ್‌ಕೆ, 4ಎಲ್‌ಓ ಅನ್ನೋದು ಮತ್ತೆ ಮತ್ತೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್, ಮೊದಲ ಬೈಟ್ ಎಲ್ಲಕ್ಕೂ ಒಂದೇ, ಎರಡನೆಯದರಲ್ಲಿ ಇರೋದು ಎರಡೇ ಬಗೆ. ‘ಕ’ ಬರೆದರೆ 4ಎಲ್‌ಕೆವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಒತ್ತಕ್ಷರಕ್ಕೆ ಇವತ್ತಿಗೂ ತಡವರಿಸೋ ನಾವು ಕನ್ನಡವನ್ನು ಹೀಗೆ ಗುರುತು ಹಿಡಿದದ್ದು ತಮಾಷೆಯೇ.

ಡಿಕೋಡ್ ಮಾಡಿದಾಗ ಮಾತ್ರ ನಗು ನಿಂತಿತು. ದಯವಿಟ್ಟು ಹೆಸರು ಹಾಕಬೇಡಿ, ಮನೇಲಿ ಗೊತ್ತಾದ್ರೆ ಕಷ್ಟ ಅಂತ ಕೇಳಿಕೊಂಡು ಒಬ್ಬರು ಕಳಿಸಿದ್ದ ಕಥೆ ಅದು. ನಾವು ಹಾಕಲ್ಲ ಅಂತ ಮಾತೂ ಕೊಟ್ಟಿದ್ವಿ. ಆ ಮಾತು ನಮ್ಮ ನಾಲಿಗೆ ಮೇಲಿತ್ತು, ಅವರ ಹೆಸರು ದಾರಿಯುದ್ದಕ್ಕೂ ಬಿಚ್ಚಿಟ್ಟಿತ್ತು.

143 ತೆಗೆದು 993 ಹಾಕಿದ್ವಿ, ಪಾಸ್‌ವರ್ಡ್ ಬದಲಿಸಿದ್ವಿ, ಇನ್ನೊಮ್ಮೆ ಕ್ಯಾಪ್ಚರ್ ಮಾಡಿ ಏನೂ ಓದೋಕಾಗಲ್ಲ ಅಂತ ಖಾತ್ರಿ ಮಾಡಿಕೊಂಡ್ವಿ. ಆ ಕಥೆಗಾರರಿಗೆ ನಡೆದದ್ದನ್ನೆಲ್ಲ ಬರೆದ್ವಿ, ಈ ಸಲ ಮೇಲ್ ಹೋಯಿತು. ಮೊದಲ ಕ್ಯಾಪ್ಚರ್ ಫೈಲನ್ನು ಅವತ್ತೇ ಅಳಿಸಿದ್ವಿ, ಅದರಲ್ಲೂ ಆ ಕಥೆ ಇತ್ತಲ್ಲ.