ಟಿಕಾಲ್ ನಗರದ ಕಿರುದಿಬ್ಬಗಳು

ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಉತ್ತರಕ್ಕೆ ಪೆಟೆನ್ ಎಂಬ ದಟ್ಟ ಅರಣ್ಯಪ್ರದೇಶವಿದೆ. ಪ್ರಾಚೀನ ಮಾಯಾ ಜನರ ಮಹಾನಗರವಾದ ಟಿಕಾಲ್ ಇರುವುದು ಇಲ್ಲಿಯೇ. ಸುಮಾರು 65 ಮೀಟರ್ ಎತ್ತರದ ನಾಲ್ಕನೆಯ ದೇವಾಲಯದ ಮೇಲೆ ನಿಂತರೆ, ಹಸುರು ಕಡಲಿನ ನಡುವೆ ಉಳಿದ ಗುಡಿಗಳ ಶಿಖರಗಳಷ್ಟೇ ಕಾಣುತ್ತವೆ. ಕೆಳಗೆ ಕಾಡಿನಲ್ಲಿ ಮಣ್ಣು, ಬೇರುಗಳಿಂದ ಮುಚ್ಚಿದ ತಗ್ಗಾದ ದಿಬ್ಬಗಳು ಅಸಂಖ್ಯಾತವಾಗಿವೆ. ಪ್ರವಾಸಿಗರು ಅವುಗಳನ್ನು ಗಮನಿಸುವುದು ಅಪರೂಪ. ಬಹುಕಾಲ ವಿದ್ವಾಂಸರೂ ಗಮನಿಸಿರಲಿಲ್ಲ.

1848ರಲ್ಲಿ ಮೊಡೆಸ್ಟೊ ಮೆಂಡೆಸ್ ಮತ್ತು ಅಂಬ್ರೋಸಿಯೊ ಟುಟ್ ಎಂಬ ಸ್ಥಳೀಯ ಅಧಿಕಾರಿಗಳು ಈ ಅವಶೇಷಗಳನ್ನು ಕಂಡು ಸರ್ಕಾರಕ್ಕೆ ತಿಳಿಸಿದರು. 1881ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಮಾಡ್ಸ್ಲೆ ಬಂದು ಅಧ್ಯಯನ ಆರಂಭಿಸಿದರು. ಅವರಿಗೂ ಅವರ ನಂತರ ಬಂದವರಿಗೂ ಗುಡಿ, ಅರಮನೆ, ಶಿಲಾಸ್ತಂಭಗಳೇ ಮುಖ್ಯವಾಗಿದ್ದವು. ಇವು ಜನವಸತಿಯ ಊರುಗಳಲ್ಲ, ಕೆಲವೇ ಅರ್ಚಕರಿದ್ದ ಪೂಜಾಕೇಂದ್ರಗಳು. ರೈತರು ಉತ್ಸವಕ್ಕಷ್ಟೇ ಬಂದುಹೋಗುತ್ತಿದ್ದರು ಎಂಬ ಅಭಿಪ್ರಾಯವೂ ಬೇರೂರಿತು.

ಈ ಅಭಿಪ್ರಾಯವನ್ನು ಅಲುಗಿಸಿದವು ಕಿರುದಿಬ್ಬಗಳೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಗಾರ್ಡನ್ ವಿಲ್ಲಿಯವರು 1954ರಿಂದ 1956ರವರೆಗೆ ಬೆಲೀಜ್ ನದಿಯ ಕಣಿವೆಯಲ್ಲಿ ಗುಡಿಗಳನ್ನು ಬಿಟ್ಟು ದಿಬ್ಬಗಳನ್ನೇ ಅಗೆಸಿದರು. ಅವು ಸಾಮಾನ್ಯರ ಮನೆಗಳ ಜಗಲಿಗಳಾಗಿದ್ದವು. ಹುಲ್ಲುಮಾಡು, ಮರದ ಗೋಡೆಗಳು ಕರಗಿಹೋದರೂ ಒಡೆದ ಗಡಿಗೆಗಳು, ಮೆಕ್ಕೆಜೋಳ ಅರೆಯುವ ಕಲ್ಲುಗಳು ಉಳಿದಿದ್ದವು. ನೆಲದಡಿಯಲ್ಲಿ ಆ ಮನೆಯ ಹಿರಿಯರ ಸಮಾಧಿಗಳೂ ಇದ್ದವು.

1956ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಟಿಕಾಲ್‌ನಲ್ಲಿ ಉತ್ಖನನ ಆರಂಭಿಸಿತು. ನಗರದ ನಡುವಿನ 16 ಚದರ ಕಿಲೋಮೀಟರ್ ಪ್ರದೇಶದ ನಕ್ಷೆಯಲ್ಲಿ ಸುಮಾರು 3,000 ಕಟ್ಟಡಗಳು ಮೂಡಿದವು. ಅವುಗಳಲ್ಲಿ ಹೆಚ್ಚಿನವು ಅಂಗಳದ ಸುತ್ತ ಗುಂಪುಗೂಡಿದ ಮನೆಗಳು. ನದಿಯಿಲ್ಲದ ಆ ನೆಲದಲ್ಲಿ ಮಳೆಯ ನೀರನ್ನು ಕೆರೆಗಳಲ್ಲಿ ಕೂಡಿಟ್ಟು ಸಾವಿರಾರು ಸಂಸಾರಗಳು ಬದುಕಿದ್ದವು. 2018ರಲ್ಲಿ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಉತ್ತರ ಗ್ವಾಟೆಮಾಲಾದ 2,100 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡಿನಲ್ಲಿ 60,000ಕ್ಕೂ ಹೆಚ್ಚು ಕಟ್ಟಡಗಳು ಗೋಚರಿಸಿದವು.

ಮಾಯಾ ಜನರು ಅಳಿದುಹೋದರೆಂದು ಹೇಳುವುದುಂಟು, ಅದು ನಿಜವಲ್ಲ. ಅವರ ಲಕ್ಷಾಂತರ ವಂಶಜರು ಇಂದಿಗೂ ಅಲ್ಲಿ ತಮ್ಮ ನುಡಿಗಳನ್ನಾಡುತ್ತ ಬಾಳುತ್ತಿದ್ದಾರೆ. ಶಿಲಾಸ್ತಂಭಗಳಲ್ಲಿ ಅರಸರ ಹೆಸರುಗಳಿವೆ. ಆ ಸ್ತಂಭಗಳ ಕಲ್ಲು ಹೊತ್ತವರ ಹೆಸರುಗಳಿಲ್ಲ. ಅವರ ಚರಿತ್ರೆ ಉಳಿದಿರುವುದು ಈ ದಿಬ್ಬಗಳಲ್ಲಿ. ಅಲ್ಲಿ ಸಿಕ್ಕಂಥ ಅರೆಯುವ ಕಲ್ಲು ಇಂದಿಗೂ ಎಷ್ಟೋ ಮಾಯಾ ಮನೆಗಳಲ್ಲಿ ಬಳಕೆಯಲ್ಲಿದೆ.